ಒಡ್ರಾಡೆಕ್ ಯಾವ ಭಾಷೆಯ ಮಾತು?

ಫ್ರಾಂಜ್ ಕಾಫ್ಕಾನ ‘ಹಳ್ಳಿಯ ವೈದ್ಯ’ ಹದಿನಾಲ್ಕು ಕತೆಗಳ ತೆಳ್ಳನೆಯ ಪುಸ್ತಕ. ಮೇಲೆ 1919 ಎಂದು ಅಚ್ಚಾಗಿದ್ದರೂ ಅದು ಹೊರಬಂದುದು 1920ರಲ್ಲಿ. ಅಲೆಕ್ಸಾಂಡರನ ಯುದ್ಧಾಶ್ವ ಇಲ್ಲಿ ವಕೀಲನಾಗುತ್ತದೆ. ವಾನರವೊಂದು ತಾನು ಮನುಷ್ಯನಾದ ಬಗೆಯನ್ನು ವಿದ್ವಾಂಸರಿಗೆ ವರದಿ ಮಾಡುತ್ತದೆ. ಹಳ್ಳಿಗನೊಬ್ಬ ಕಾನೂನಿನ ಬಾಗಿಲಲ್ಲಿ ಕಾದು ಕಾದು ಮುದುಕನಾಗಿ ಸಾಯುತ್ತಾನೆ. ವಿಮರ್ಶಕರು ಇವನ್ನು ಅಸ್ತಿತ್ವವಾದಿ, ಅತಿವಾಸ್ತವವಾದಿ ಎಂದೆಲ್ಲ ಕರೆದಿದ್ದಾರೆ. ಎರಡು ಭಾಷೆಗಳ ನಡುವೆ ಬೆಳೆದ ನನಗೆ ಇವುಗಳ ಹಿಂದಿನ ಊರಿನ ಚರಿತ್ರೆಯೂ ಅಷ್ಟೇ ಮುಖ್ಯವೆನಿಸುತ್ತದೆ.

ಕಾಫ್ಕಾ ಹುಟ್ಟಿದ್ದು 1883ರಲ್ಲಿ, ಪ್ರಾಗ್ ನಗರದ ಯಹೂದಿ ಮನೆಯೊಂದರಲ್ಲಿ. ಊರಿನ ಬಹುಜನರ ಮಾತು ಚೆಕ್. ಆತನ ಮನೆಮಾತು, ಶಾಲೆಯ ಮಾತು ಜರ್ಮನ್. ಬೊಹೀಮಿಯದ ಸರಕಾರಿ ನೌಕರರಿಗೆ ಎರಡೂ ಭಾಷೆಗಳು ತಿಳಿದಿರಬೇಕೆಂದು 1897ರಲ್ಲಿ ಪ್ರಧಾನಿ ಬಡೇನಿ ಆಜ್ಞೆ ಹೊರಡಿಸಿದಾಗ ಜರ್ಮನರು ಬೀದಿಗಿಳಿದರು. ಬಡೇನಿ ಅಧಿಕಾರ ಕಳೆದುಕೊಂಡ. ಆಗ ಚೆಕ್ ಜನರ ಸಿಟ್ಟು ಪ್ರಾಗಿನ ಜರ್ಮನರ, ಯಹೂದಿಗಳ ಅಂಗಡಿಗಳ ಮೇಲೆ ತಿರುಗಿತು. ಕಾಫ್ಕಾನಿಗೆ ಆಗ ಹದಿನಾಲ್ಕು ವರ್ಷ.

1908ರಿಂದ ಆತ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ನೌಕರ. ಈ ಕತೆಗಳಲ್ಲಿ ಹೆಚ್ಚಿನವು 1916-17ರ ಚಳಿಗಾಲದಲ್ಲಿ, ತಂಗಿ ಒಟ್ಲಾ ಬಾಡಿಗೆಗೆ ಹಿಡಿದ ಪುಟ್ಟ ಮನೆಯಲ್ಲಿ, ಕಚೇರಿ ಮುಗಿದ ಮೇಲೆ ಬರೆದವು. 1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿತು. ಕಚೇರಿಯ ಭಾಷೆ ಚೆಕ್ ಆಯಿತು. ಚೆಕ್ ಬಲ್ಲವನಾದ್ದರಿಂದ ಕಾಫ್ಕಾನ ಕೆಲಸ ಉಳಿಯಿತು. ಆದರೂ ಮೇಲಧಿಕಾರಿಗೆ ಬರೆಯುವ ಪತ್ರಗಳಿಗೆ ಒಟ್ಲಾಳ ಗಂಡ, ಚೆಕ್ ಮನೆಮಾತಿನ ಜೋಸೆಫ್ ಡೇವಿಡನ ನೆರವು ಬೇಕಾಗುತ್ತಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರ ಅರ್ಜಿಯ ಮಲಯಾಳವನ್ನು ನೆರೆಮನೆಯವರಿಂದ ತಿದ್ದಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಕಲನದ ‘ಮನೆಯೊಡೆಯನ ಚಿಂತೆ’ ಎರಡೇ ಪುಟಗಳಷ್ಟಿನ ಕತೆ. ಅದು ಆರಂಭವಾಗುವುದೇ ಒಂದು ಶಬ್ದದ ತಗಾದೆಯಿಂದ: ‘ಒಡ್ರಾಡೆಕ್’ ಸ್ಲಾವ್ ಮೂಲದ್ದೋ, ಸ್ಲಾವ್ ಪ್ರಭಾವಕ್ಕೊಳಗಾದ ಜರ್ಮನ್ ಶಬ್ದವೋ? ಎರಡು ವಾದಗಳಿಂದಲೂ ಅರ್ಥ ಸಿಗುವುದಿಲ್ಲ. ಆದರೆ ಆ ಹೆಸರಿನ ಜೀವಿ ಇದೆ. ನಕ್ಷತ್ರಾಕಾರದ ನೂಲಿನ ಉರುಳೆ. ಮೈತುಂಬ ಬೇರೆ ಬೇರೆ ಬಣ್ಣದ, ಗಂಟುಹಾಕಿದ ಹಳೆಯ ದಾರದ ತುಂಡುಗಳು. ಅಟ್ಟ, ಮೆಟ್ಟಿಲು, ಜಗಲಿಗಳಲ್ಲಿ ಅದರ ವಾಸ, ನಿಶ್ಚಿತ ನೆಲೆಯಿಲ್ಲ. ತನ್ನ ಮೊಮ್ಮಕ್ಕಳ ಕಾಲಕ್ಕೂ ಅದು ಉಳಿದೀತೆಂಬುದೇ ಮನೆಯೊಡೆಯನ ಚಿಂತೆ.

1920ರಲ್ಲಿ ಮಿಲೆನಾ ಯೆಸೆನ್ಸ್ಕಾ ಕಾಫ್ಕಾನ ಇನ್ನೊಂದು ಕತೆಯನ್ನು ಚೆಕ್ ಭಾಷೆಗೆ ತಂದಳು. ನೆರೆಯ ಭಾಷೆಯ ಬಾಗಿಲು ಹೀಗೆ ತೆರೆಯಿತು. 1924ರಲ್ಲಿ ಕಾಫ್ಕಾ ತೀರಿಕೊಂಡ. ಮೂವರು ತಂಗಿಯರನ್ನೂ ನಾಜಿಗಳ ನರಮೇಧ ನುಂಗಿತು. ಒಟ್ಲಾ 1943ರಲ್ಲಿ ಆಶ್‌ವಿಟ್ಜ್‌ನಲ್ಲಿ ಹತಳಾದಳು. ಮಹಾಯುದ್ಧ ಮುಗಿದ ಮೇಲೆ ಜರ್ಮನರನ್ನು ಹೊರಹಾಕಲಾಯಿತು. ಆ ಊರಿನ ಜರ್ಮನ್ ಅಲ್ಲಿಯ ಮನೆಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಕತೆಗಳು ಲೋಕವನ್ನೇ ಸುತ್ತಿದವು.

ಪುಸ್ತಕ ಉಳಿದ ಮಾತ್ರಕ್ಕೆ ಮನೆಮಾತು ಉಳಿಯುವುದಿಲ್ಲ. ಅದನ್ನು ಆಡುವವರು ಬೇಕು. ನಾವಿನ್ನೂ ಆಡುತ್ತಿದ್ದೇವೆ.