ತಾಳವಾಡಿ ಬೆಟ್ಟಗಳ ವನಪಾಲನೆಯಲ್ಲಿ ಜನಸಹಭಾಗ

ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಚಾಮರಾಜನಗರದ ಗಡಿಗೆ ತಾಗಿ, ಕನ್ನಡವನ್ನಾಡುವ ಜನರೇ ಬಹುಪಾಲು ನೆಲೆಸಿರುವ ತಾಳವಾಡಿ ಪ್ರಸ್ಥಭೂಮಿಯಲ್ಲಿ, ಊರು-ಕಾಡುಗಳ ಸಂಧಿಸ್ಥಾನದ ನಿವಾಸಿಗಳು ಅರಣ್ಯದ ರಕ್ಷಣೆ ಮತ್ತು ನಿರ್ವಹಣೆಯಲ್ಲಿ ವಹಿಸುವ ಪಾತ್ರ. ಪೂರ್ವ ಮತ್ತು ಪಶ್ಚಿಮ ಘಟ್ಟಗಳು ಕೂಡುವ, ಆನೆಗಳ ಸಂಚಾರಪಥವಾದ ಈ ಪ್ರದೇಶದ ಕಾಡು 2008ರಲ್ಲಿ ಸತ್ಯಮಂಗಲ ವನ್ಯಜೀವಿಧಾಮವಾಗಿಯೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿಯೂ ಘೋಷಿತವಾಯಿತು.

ಜೇನು, ನೆಲ್ಲಿ, ಸೀಗೆ ಮೊದಲಾದ ವನೋತ್ಪನ್ನಗಳನ್ನು ಆಶ್ರಯಿಸಿ ಬಾಳಿದ ಇಲ್ಲಿನ ಸೋಲಿಗ ಬುಡಕಟ್ಟಿನವರು ನೆಲದ ಒಣ ಎಲೆಗಳನ್ನು ಮಾತ್ರ ಸುಡುವ ‘ತರಗುಬೆಂಕಿ’ಯ ಪದ್ಧತಿಯನ್ನು ಬಲ್ಲವರು; ಅದು ನಿಷಿದ್ಧವಾದುದರಿಂದಲೇ ಲಂಟಾನವೆಂಬ ಕಳೆಯ ಪೊದೆ ಹಬ್ಬಿತೆಂಬುದು ಅವರ ಅಭಿಮತ. 2006ರ ಅರಣ್ಯಹಕ್ಕು ಕಾಯಿದೆಯು ಸಮುದಾಯಾರಣ್ಯದ ಪಾಲನೆಯನ್ನು ಗ್ರಾಮಸಭೆಗಳಿಗೆ ವಹಿಸುತ್ತದೆ. ನೆರೆಯ ಬಿಳಿಗಿರಿರಂಗನಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಾಮುದಾಯಿಕ ಹಕ್ಕುಗಳು ಮಾನ್ಯವಾದುದು ಇದಕ್ಕೆ ಪ್ರಸಿದ್ಧ ನಿದರ್ಶನ.

ಆದರೆ ಆನೆಗಳಿಂದ ಬೆಳೆಹಾನಿಯನ್ನು ಅನುಭವಿಸುವ ರೈತರಿಗೆ ಕಂದಕ, ಸೌರಬೇಲಿ ಮತ್ತು ಪರಿಹಾರಧನಗಳೇ ಮುಖ್ಯವಾದ ಪ್ರಶ್ನೆಗಳು. 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ, 27 ತಿರುವುಗಳ ದಿಂಬಂ ಘಟ್ಟದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ವಾಹನಗಳ ರಾತ್ರಿಸಂಚಾರಕ್ಕೆ ನಿರ್ಬಂಧ ಜಾರಿಯಾದಾಗ, ಸತ್ಯಮಂಗಲದ ಮಾರುಕಟ್ಟೆಗೆ ಆ ದಾರಿಯನ್ನೇ ನೆಚ್ಚಿದ ಬೆಟ್ಟದ ಜನರು ಪ್ರತಿಭಟಿಸಿದರು. ವನ್ಯಜೀವಿಗಳ ಹಿತಕ್ಕೂ ನಿವಾಸಿಗಳ ಜೀವನೋಪಾಯಕ್ಕೂ ಸಾಮರಸ್ಯವನ್ನು ಕಲ್ಪಿಸುವುದೇ ಇಲ್ಲಿನ ವನಪಾಲನೆಯ ಮುಖ್ಯ ಸಮಸ್ಯೆಯಾಗಿ ಉಳಿದಿದೆ.