ಬೆಳ್ಳಾರೆ ಖಜಾನೆಯೂ ನಮ್ಮ ಮೊಬೈಲೂ

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರಕಾರ, ನಮ್ಮದಾಗಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಅಲ್ಲಿನ ರೈತರು ಬೆಳೆಯನ್ನೇ ಕಂದಾಯವಾಗಿ ಕೊಡುತ್ತಿದ್ದರು. ಕಂಪನಿ ನಗದು ಕೇಳಿತು. ಎಣಿಸಲು, ಸಾಗಿಸಲು ನಗದೇ ಸುಲಭ. ರೈತರು ಸಾಲ ಮಾಡಿ ಕಟ್ಟಿದ ಹಣ ಬೆಳ್ಳಾರೆಯ ಖಜಾನೆ ಸೇರಿತು. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ದಂಡು ಆ ಖಜಾನೆಯನ್ನೇ ವಶಪಡಿಸಿಕೊಂಡಿತು. ಹಣ ಒಂದೇ ಕಡೆ ಇದ್ದದ್ದು ಕಂಪನಿಗೂ ಅನುಕೂಲ, ದಂಡಿಗೂ ಅನುಕೂಲ!

ಈಗ ಖಜಾನೆ ನಮ್ಮ ಜೇಬಿನಲ್ಲಿದೆ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ಜನಬಳಕೆಗೆ ಪ್ರಾಯೋಗಿಕವಾಗಿ ಡಿಜಿಟಲ್ ರೂಪಾಯಿ ಬಿಟ್ಟಾಗ, ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ಯುಪಿಐ ಹಣ ಬ್ಯಾಂಕ್ ಖಾತೆಯಲ್ಲಿರುತ್ತದೆ. ಡಿಜಿಟಲ್ ರೂಪಾಯಿ ಫೋನಿನ ವ್ಯಾಲೆಟ್‌ನಲ್ಲಿ, ನೋಟಿನಂತೆ ಬಡ್ಡಿಯಿಲ್ಲದೆ ಇರುತ್ತದೆ.

ಬಿಟ್‌ಕಾಯಿನ್ ಸಂಗತಿ ಬೇರೆ. ನಾವೇ ವ್ಯಾಲೆಟ್ ಇಟ್ಟುಕೊಂಡರೆ, ಸಾಮಾನ್ಯವಾಗಿ 12 ಅಥವಾ 24 ಗುಟ್ಟಿನ ಪದಗಳೇ ಅದರ ಬೀಗದ ಕೈ. ಕಳೆದರೆ ತೆಗೆದುಕೊಡಲು ಬ್ಯಾಂಕ್ ಇಲ್ಲ. ಫೋಟೊ ತೆಗೆದು ಫೋನಿನಲ್ಲಿಟ್ಟರೆ ಕಳ್ಳನಿಗೆ ಸುಲಭ. ಕಾಗದದಲ್ಲಿ ಬರೆದು ಮನೆಯಲ್ಲೇ ಇಟ್ಟರೆ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಮನೆಗಳೇ ಮಣ್ಣಿನಡಿ ಹೋದದ್ದು ನಮಗೆ ಗೊತ್ತು.

ಸಂತೆ ಖರ್ಚಿನಷ್ಟು ಫೋನಿನಲ್ಲಿರಲಿ. ಉಳಿದದ್ದು ಬೇರೆ ಕಡೆ ಇರಲಿ. ಗುಟ್ಟಿನ ಪದಗಳ ಎರಡು ಪ್ರತಿ, ನಂಬಿಕೆಯ ಎರಡು ಊರಿನಲ್ಲಿರಲಿ. ಎಲ್ಲವನ್ನೂ ಬೆಳ್ಳಾರೆಯಲ್ಲೇ ಇಡಬೇಡಿ.