ಕಂಪ್ಯೂಟರ್‌ಗೆ ಆಣೆ ಗೊತ್ತು, ಪೈಸೆ ಗೊತ್ತಿಲ್ಲ

ದೇಶದಲ್ಲಿ ‘ನಯಾ ಪೈಸೆ’ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ತುಮಕೂರು, ಗುಬ್ಬಿ, ಕುಣಿಗಲ್ ಪೇಟೆಗಳಲ್ಲಿ ಅಡಿಕೆ, ಕೊಬ್ಬರಿ, ರಾಗಿಯ ವ್ಯಾಪಾರವೆಲ್ಲ ಈ ಲೆಕ್ಕದಲ್ಲೇ ನಡೆಯುತ್ತಿತ್ತು. ಹೊಸ ಪದ್ಧತಿಯಲ್ಲಿ ರೂಪಾಯಿಗೆ ನೂರು ಪೈಸೆ. ಮಗ್ಗಿ ಸುಲಭವಾಯಿತು. ಆದರೆ ಹಳೆಯ ಮತ್ತು ಹೊಸ ನಾಣ್ಯಗಳು ಕೆಲಕಾಲ ಜೊತೆಯಾಗಿ ಓಡಾಡಿದ್ದರಿಂದ ಒಂದು ತೊಡಕು ಹುಟ್ಟಿಕೊಂಡಿತು. ಒಂದು ಆಣೆ ಎಂದರೆ ಆರೂಕಾಲು ನಯಾ ಪೈಸೆ. ಕಾಲು ನಯಾ ಪೈಸೆಯ ನಾಣ್ಯವೇ ಇರಲಿಲ್ಲ!

ಸರ್ಕಾರ ಒಂದು ನಿಯಮ ಮಾಡಿತು. ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಬಿಟ್ಟುಬಿಡುವುದು, ಅರ್ಧಕ್ಕಿಂತ ಹೆಚ್ಚಾದರೆ ಒಂದು ಪೈಸೆ ಎಂದೇ ಹಿಡಿಯುವುದು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ. ಗುಬ್ಬಿಯ ರೈತನೊಬ್ಬ ದಿನಕ್ಕೆ ಒಂದಾಣೆಯ ಎಲೆ ಅಡಿಕೆ ಕೊಳ್ಳುತ್ತಿದ್ದ ಎಂದಿಟ್ಟುಕೊಳ್ಳಿ. ಹದಿನಾರು ದಿನ ಆರಾರು ಪೈಸೆ ಕೊಟ್ಟರೆ ಒಟ್ಟು 96 ಪೈಸೆ. ಲೆಕ್ಕ ಬರೆಸಿ ಕೊನೆಗೆ ಒಮ್ಮೆಲೇ ಕೊಟ್ಟರೆ ಪೂರ್ತಿ ಒಂದು ರೂಪಾಯಿ. ಅಂಗಡಿಯವನಿಗೆ ನಾಲ್ಕು ಪೈಸೆ ನಷ್ಟ. ತಪ್ಪು ಇಬ್ಬರದೂ ಅಲ್ಲ, ಪ್ರತಿದಿನವೂ ಬಿಟ್ಟ ಕಾಲು ಪೈಸೆಯದು.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರನ್ನು ಇಂದಿಗೂ ಕಾಡುವ ಸಮಸ್ಯೆ ಇದೇ. ಸೊನ್ನೆ ದಶಾಂಶ ಒಂದಕ್ಕೆ (0.1) ಸೊನ್ನೆ ದಶಾಂಶ ಎರಡನ್ನು (0.2) ಕೂಡಿಸು ಎಂದರೆ ಹಲವು ಪ್ರೋಗ್ರಾಮಿಂಗ್ ಭಾಷೆಗಳು 0.3 ಎನ್ನುವ ಬದಲು 0.30000000000000004 ಎಂಬ ಉತ್ತರ ಕೊಡುತ್ತವೆ. ಯಂತ್ರ ಕೆಟ್ಟಿಲ್ಲ. ನಮ್ಮ ಎಣಿಕೆ ಹತ್ತರದ್ದು, ಅದರ ಎಣಿಕೆ ಎರಡರದ್ದು. ಮೂರನೇ ಒಂದು ಭಾಗವನ್ನು ದಶಾಂಶದಲ್ಲಿ ಬರೆಯಹೊರಟರೆ 0.333 ಎಂದು ಮೂರುಗಳು ಮುಗಿಯುವುದೇ ಇಲ್ಲ. ಹಾಗೆಯೇ ಹತ್ತನೇ ಒಂದು ಭಾಗ ಎರಡರ ಎಣಿಕೆಯಲ್ಲಿ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿಸಿದ ತುಣುಕೇ ದೋಷ.

ಇಲ್ಲಿ ಸ್ವಾರಸ್ಯವೊಂದಿದೆ. ಎರಡರ ಎಣಿಕೆ ಎಂದರೆ ಅರ್ಧ, ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಅರೆಕಾಲು, ಅದರ ಅರ್ಧ ವೀಸ. ವೀಸವೆಂದರೆ ಹದಿನಾರನೇ ಒಂದು ಭಾಗ, ಅಂದರೆ ರೂಪಾಯಿಯಲ್ಲಿ ಒಂದಾಣೆ. ನಮ್ಮ ಅಜ್ಜಂದಿರ ಆಣೆಯನ್ನೂ, ಆಣೆಯ ಕಾಲುಭಾಗವಾದ ಹಳೆಯ ಪೈಸೆಯನ್ನೂ ಕಂಪ್ಯೂಟರ್ ಒಂದಿಷ್ಟೂ ಬಿಡದೆ ಬರೆದಿಟ್ಟುಕೊಳ್ಳಬಲ್ಲದು. ನೂರನೇ ಒಂದು ಭಾಗವಾದ ಈಗಿನ ಪೈಸೆ ಅದಕ್ಕೆ ದಕ್ಕುವುದಿಲ್ಲ. ‘ಹದಿನಾರಾಣೆ ಸತ್ಯ’ ಎಂಬ ನಮ್ಮ ಮಾತು ಕಂಪ್ಯೂಟರ್ ಮಟ್ಟಿಗೆ ಅಕ್ಷರಶಃ ನಿಜ.

ಈ ಗುಟ್ಟು ತುಮಕೂರಿನವರ ಮಣಿಕಟ್ಟಿನ ಮೇಲೂ ಇತ್ತು. 1970ರ ದಶಕದ ಕೊನೆಯಲ್ಲಿ ನಗರದಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದಿನ ದಶಕದಲ್ಲಿ ಅಲ್ಲಿ ಕ್ವಾರ್ಟ್ಜ್ ಗಡಿಯಾರಗಳೂ ತಯಾರಾದವು. ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಎಲ್ಲಿಯೂ ಶೇಷವಿಲ್ಲ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತಾದರೂ ಆ ಲೆಕ್ಕ ಇಂದಿನ ಕ್ವಾರ್ಟ್ಜ್ ಗಡಿಯಾರಗಳಲ್ಲೂ ನಡೆಯುತ್ತಿದೆ.

ಸಮಯವನ್ನು ಹತ್ತರಿಂದ ಭಾಗಿಸಿದ ಇನ್ನೊಂದು ಗಡಿಯಾರದ ಕಥೆ ದುರಂತದಲ್ಲಿ ಕೊನೆಗೊಂಡಿತು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸುತ್ತಿತ್ತು. ಆ ಹತ್ತನೇ ಭಾಗವನ್ನು ಕಂಪ್ಯೂಟರ್ 24 ಬಿಟ್‌ಗಳಿಗೆ ಕತ್ತರಿಸಿ ಇಟ್ಟುಕೊಂಡಿತ್ತು. ಪ್ರತಿ ಎಣಿಕೆಗೆ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ದೋಷ. ನೂರು ಗಂಟೆ ಬಿಡುವಿಲ್ಲದೆ ಓಡಿದಾಗ ಅದು ಸುಮಾರು ಮೂರನೇ ಒಂದು ಸೆಕೆಂಡ್ ಆಯಿತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿಬಿಡುತ್ತದೆ. 1991ರ ಫೆಬ್ರವರಿ 25ರಂದು ಕೊಲ್ಲಿ ಯುದ್ಧದ ವೇಳೆ ಸೌದಿ ಅರೇಬಿಯಾದ ದಹರಾನ್‌ನಲ್ಲಿ ಪೇಟ್ರಿಯಟ್ ಆಕಾಶದ ತಪ್ಪು ಜಾಗದಲ್ಲಿ ಸ್ಕಡ್‌ಗಾಗಿ ಹುಡುಕಿತು. 28 ಸೈನಿಕರು ಸತ್ತರು.

ದೋಷ ಯಾವಾಗಲೂ ಒಂದೇ ಕಡೆಗೆ ವಾಲಿದರೆ ಅಪಾಯ ಹೆಚ್ಚು. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರಲ್ಲಿ 1000 ಅಂಕದಿಂದ ಹೊಸ ಸೂಚ್ಯಂಕ ಆರಂಭಿಸಿತು. ಪ್ರತಿ ವಹಿವಾಟಿನ ನಂತರ ಮೂರು ದಶಾಂಶ ಸ್ಥಾನದಾಚೆಯ ಅಂಕಿಗಳನ್ನು ಕಂಪ್ಯೂಟರ್ ಕೈಬಿಡುತ್ತಿತ್ತು. 1983ರ ನವೆಂಬರ್ ವೇಳೆಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ಆಗಿರಬೇಕಿತ್ತು!

ಕಂಪ್ಯೂಟರ್‌ಗಳ ದಶಾಂಶ ಲೆಕ್ಕಕ್ಕೆ ‘ಫ್ಲೋಟಿಂಗ್ ಪಾಯಿಂಟ್’ ಎಂದು ಹೆಸರು. ಅದಕ್ಕೆ ಏಕರೂಪದ ನಿಯಮ ಬಂದದ್ದು 1985ರಲ್ಲಿ. ಅದರ ಹಿಂದಿದ್ದ ಪ್ರಮುಖರು ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಹಾನ್. ಸರಿಯಾಗಿ ಅರ್ಧ ಉಳಿದಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕು ಎಂಬುದು ಅದರ ರೂಢಿಯ ಕ್ರಮ. ಇದನ್ನು ನಮ್ಮ ಆಣೆಗೇ ಹಚ್ಚಿ ನೋಡಬಹುದು. ಎರಡು, ಆರು, ಹತ್ತು, ಹದಿನಾಲ್ಕು ಆಣೆಗಳಲ್ಲಿ ಅರ್ಧ ಪೈಸೆ ಉಳಿಯುತ್ತದೆ. 1957ರ ನಿಯಮದಂತೆ ಅವು 12, 37, 62, 87. ಒಟ್ಟು 198. ಸಮಸಂಖ್ಯೆಯ ಕ್ರಮದಲ್ಲಿ 12, 38, 62, 88. ಒಟ್ಟು 200, ಅಂದರೆ ಮೂವತ್ತೆರಡು ಆಣೆಗೆ ಸಲ್ಲಬೇಕಾದ ಎರಡು ರೂಪಾಯಿ. ಎರಡು ಕೆಳಗಿಳಿದರೆ ಎರಡು ಮೇಲೇರಿ ತಕ್ಕಡಿ ಸಮವಾಗುತ್ತದೆ.

ಕಹಾನ್ 1965ರಲ್ಲೇ ಇನ್ನೊಂದು ಉಪಾಯ ಪ್ರಕಟಿಸಿದ್ದರು. ಪ್ರತಿ ಕೂಡಿಕೆಯಲ್ಲಿ ಬಿದ್ದುಹೋದ ಚೂರನ್ನು ಬೇರೆ ಕಡೆ ಬರೆದಿಟ್ಟುಕೊಂಡು ಮುಂದಿನ ಕೂಡಿಕೆಗೆ ಸೇರಿಸುವುದು. ಚಿಲ್ಲರೆಯಿಲ್ಲದಾಗ ಅಂಗಡಿಯವರು ‘ನಾಳೆ ಲೆಕ್ಕಕ್ಕೆ ಸೇರಿಸಿಕೊಳ್ಳೋಣ’ ಎನ್ನುವಂತೆ.

ಪ್ರೋಗ್ರಾಂ ಬರೆಯುವವರು ಪಾಲಿಸುವ ಉಳಿದ ಸೂತ್ರಗಳೂ ಪೇಟೆಯ ಲೆಕ್ಕದಂತೆಯೇ ಇವೆ. ಹಣವನ್ನು ರೂಪಾಯಿಯ ದಶಾಂಶದಲ್ಲಿಡದೆ ಪೈಸೆಗಳ ಪೂರ್ಣಸಂಖ್ಯೆಯಾಗಿ ಇಡಬೇಕು. ಎರಡು ದಶಾಂಶ ಉತ್ತರಗಳು ‘ಸಮವೇ’ ಎಂದು ಕೇಳದೆ, ಅವುಗಳ ಅಂತರ ನಗಣ್ಯವೇ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಡುನಡುವೆ ಚಿಲ್ಲರೆ ಬಿಡದೆ ಕೊನೆಗೆ ಒಮ್ಮೆ ಮಾತ್ರ ಬಿಡಬೇಕು.

ಇಂದು ಅಂಗಡಿಯ ಬಿಲ್ಲಿನ ಕೊನೆಯಲ್ಲಿ ‘ರೌಂಡ್ ಆಫ್’ ಎಂಬ ಸಾಲು ಕಾಣುತ್ತದೆ. ಎಷ್ಟು ಪೈಸೆ ಬಿಟ್ಟರು, ಎಷ್ಟು ಸೇರಿಸಿದರು ಎಂಬುದು ಅಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ. ಕೊಟ್ಟವನಿಗೂ ಪಡೆದವನಿಗೂ ಅದು ಗೊತ್ತಿದ್ದರೆ ತಕರಾರಿಲ್ಲ. ಗುಬ್ಬಿಯ ರೈತನ ಕಾಲು ಪೈಸೆಯಾಗಲಿ, ಪೇಟ್ರಿಯಟ್‌ನ ಸೆಕೆಂಡಿನ ಚೂರಾಗಲಿ, ಕೇಡು ಮಾಡಿದ್ದು ಲೆಕ್ಕಕ್ಕೆ ಸಿಗದೆ ಬೆಳೆದದ್ದರಿಂದ.